ಸಾವಿರದೊಂದನೆಯ ಸುಳ್ಳು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಹೆಣ್ಣಿನ ಬಣ್ಣ, ಗಂಡಿನ ಸಂಬಳ, ಮನೆತನದ ಗದ್ದೆ ತೋಟ ಇವನ್ನು ಒಂದಿಷ್ಟು ಹಿಗ್ಗಿಸಿ ಹೇಳುವುದನ್ನು ನಮ್ಮ ಹಿರಿಯರು ದೊಡ್ಡ ಪಾಪವೆಂದು ಎಣಿಸಲಿಲ್ಲ. ಆದರೆ ಆ ಸಾವಿರ ಸುಳ್ಳುಗಳಿಗೂ ಒಬ್ಬ ಹೊಣೆಗಾರನಿದ್ದ. ಸಂಬಂಧ ಕುದುರಿಸಿದವನು ಅದೇ ಸೀಮೆಯವನು. ಸುಳ್ಳು ಮಿತಿಮೀರಿದರೆ ಅವನ ಮನೆಯ ಜಗಲಿಗೇ ಹೋಗಿ ಕೇಳಬಹುದಾಗಿತ್ತು. ಹೋಗಿ ಕೇಳಲು ಜಗಲಿಯೇ ಇಲ್ಲದ ಸುಳ್ಳು ಹೇಗೆ ಹುಟ್ಟಿತು ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವ ಚರಿತ್ರೆ.

ಅಚ್ಚಿನ ಮೂಲಕ ಸಂಗಾತಿಯನ್ನು ಅರಸುವ ಪದ್ಧತಿಗೆ ಮುನ್ನೂರು ವರ್ಷಗಳ ಮೇಲಾಯಿತು. 1695ರ ಜುಲೈ 19ರಂದು ಲಂಡನ್ನಿನ ಜಾನ್ ಹೌಟನ್ ಎಂಬಾತ, ಬೇಸಾಯ ಮತ್ತು ವ್ಯಾಪಾರಗಳಿಗಾಗಿ ತಾನು ಹೊರಡಿಸುತ್ತಿದ್ದ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿದ. ಮೂವತ್ತರ ಪ್ರಾಯದ ಮಹನೀಯನೊಬ್ಬನಿಗೆ ಸುಮಾರು 3,000 ಪೌಂಡು ಆಸ್ತಿಯುಳ್ಳ ತರುಣಿ ಬೇಕೆಂಬುದು ಅದರ ಸಾರ. ಗಂಡಿಗೂ ಒಳ್ಳೆಯ ಆಸ್ತಿಯುಂಟು ಎಂದು ಹೌಟನ್ ನೇರವಾಗಿ ಬರೆಯಲಿಲ್ಲ. ಉಂಟೆಂದು ಆತ ಹೇಳುತ್ತಾನೆ ಎಂದು ಬರೆದ. ತಾನು ಕಾಣದ ಆಸ್ತಿಗೆ ತನ್ನ ಮಾತಿನ ಮುದ್ರೆ ಒತ್ತಲು ಆ ಸಂಪಾದಕನ ಮನಸ್ಸು ಒಪ್ಪಲಿಲ್ಲವೆಂದೇ ನನ್ನ ಎಣಿಕೆ. ಆ ಒಂದು ಮಾತಿನ ಎಚ್ಚರ ಮುಂದಿನವರಿಗೆ ಉಳಿಯಲಿಲ್ಲ.

1995ರಲ್ಲಿ ಅಮೆರಿಕದ ಮ್ಯಾಚ್ ಡಾಟ್ ಕಾಮ್ ತನ್ನ ಬಾಗಿಲು ತೆರೆಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 1999ರ ಅಕ್ಟೋಬರಿನಲ್ಲಿ, ಮ್ಯಾಚ್‌ಮೇಕರ್ ಎಂಬ ಇನ್ನೊಂದು ತಾಣದಲ್ಲಿ ಕ್ಯಾಲಿಫೋರ್ನಿಯಾದ ನಟಿಯೊಬ್ಬಳ ಹೆಸರಿನ ವಿವರಪಟ್ಟಿ ಕಾಣಿಸಿಕೊಂಡಿತು. ಚಿತ್ರಗಳು ಅವಳವೇ, ಆದರೆ ಬರೆದವಳು ಅವಳಲ್ಲ. ಬರ್ಲಿನ್ನಿನ ಒಂದು ಕಂಪ್ಯೂಟರಿನಿಂದ ಯಾರೋ ಅಜ್ಞಾತರು ಮಾಡಿದ ಕೆಲಸವದು. ಅಲ್ಲಿ ಕೊಟ್ಟಿದ್ದ ಮಿಂಚಂಚೆಗೆ ಬರೆದವರಿಗೆ ಆಕೆಯ ಮನೆಯ ವಿಳಾಸವೂ ಫೋನ್ ನಂಬರೂ ತಾನಾಗಿ ಹೋಗುತ್ತಿದ್ದುವು. ಅಸಭ್ಯ ಕರೆಗಳು ಬಂದುವು, ಬೆದರಿಕೆ ಬಂತು. ಆಕೆ ಮಗನನ್ನು ಕರೆದುಕೊಂಡು ಮನೆ ಬಿಟ್ಟು ಹೋಟೆಲುಗಳಲ್ಲಿ ದಿನ ಕಳೆಯಬೇಕಾಯಿತು. ವಿವರಪಟ್ಟಿಯನ್ನು ತೆಗೆಯಿರೆಂದು ಆಕೆಯ ಸಹಾಯಕಿ ಕೇಳಿದಾಗ ಮೊದಲು ಸಿಕ್ಕ ಉತ್ತರವೇನು ಗೊತ್ತೆ? ಅದನ್ನು ಹಾಕಿದವರು ನೀವಲ್ಲ, ಆದ್ದರಿಂದ ಕೂಡಲೇ ತೆಗೆಯಲಾಗದು!

ಒಂದೆರಡು ದಿನಗಳಲ್ಲಿ ಅದನ್ನು ತೆಗೆದರೆಂಬುದು ನಿಜ. ಆದರೆ ಆ ಉತ್ತರದಲ್ಲಿ ಒಂದು ಹೊಸ ನ್ಯಾಯವೇ ಅಡಗಿತ್ತು. ಮುಖ ನಿನ್ನದು, ಹೆಸರು ನಿನ್ನದು. ಅಧಿಕಾರ ಮಾತ್ರ ಬರೆದವನದು. 2003ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ, ಪರರು ಬರೆದುದಕ್ಕೆ ತಾಣವು ಹೊಣೆಯಲ್ಲವೆಂದು 1996ರ ಕಾನೂನಿನ ಆಧಾರದಿಂದ ತೀರ್ಪಿತ್ತಿತು. ಬರೆದವನು ಕೈಗೆ ಸಿಕ್ಕಲಿಲ್ಲ, ಪ್ರಕಟಿಸಿದವನು ಹೊಣೆಯಲ್ಲ. ಉಳಿದವಳು ಆ ತಾಯಿ ಒಬ್ಬಳೇ.

ಇಲ್ಲಿಯವರೆಗೆ ಸುಳ್ಳು ಹೊರಗಿನವರದು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಮುಂದಿನದು. ಕೆನಡಾದ ಟೊರಾಂಟೊ ನಗರದ ಆಶ್ಲಿ ಮ್ಯಾಡಿಸನ್ ಎಂಬ ತಾಣ ವಿವಾಹಿತರ ಗುಟ್ಟಿನ ಗೆಳೆತನವನ್ನೇ ಬಂಡವಾಳ ಮಾಡಿಕೊಂಡಿತ್ತು. 2015ರ ಜುಲೈಯಲ್ಲಿ ಅದರ ಉಗ್ರಾಣಕ್ಕೆ ಕನ್ನ ಬಿದ್ದಿತು. ಆಗಸ್ಟಿನಲ್ಲಿ ಸುಮಾರು 3.6 ಕೋಟಿ ಖಾತೆಗಳ ವಿವರ ಬೀದಿಗೆ ಬಂದಿತು. ಆಗ ಒಂದೊಂದಾಗಿ ಬಯಲಾದುವು ಸಂಗತಿಗಳು. ಗಂಡಸರಿಗೆ ಓಲೆ ಬರೆಯುತ್ತಿದ್ದ ಹಲವು ಹೆಂಗಸರು ಹೆಂಗಸರೇ ಅಲ್ಲ. ಹಣ ಕಟ್ಟಿಸಲೆಂದು ಸಂಸ್ಥೆಯೇ ಹುಟ್ಟಿಸಿದ ಬೊಂಬೆಗಳು. ಪುಟದ ಮೇಲೆ ಹೊಳೆಯುತ್ತಿದ್ದ ಭದ್ರತೆಯ ಪದಕ ಸ್ವಂತ ಕಲ್ಪನೆ. ನೋಂದಾಯಿಸುವವನ ಮಿಂಚಂಚೆ ಅವನದೇ ಹೌದೇ ಎಂದು ಪರೀಕ್ಷಿಸುತ್ತಿರಲಿಲ್ಲವಾದ್ದರಿಂದ, ಆ ತಾಣದ ಹೆಸರನ್ನೇ ಕೇಳದವರ ವಿಳಾಸವನ್ನೂ ಯಾರು ಬೇಕಾದರೂ ಅಲ್ಲಿ ಬರೆಸಬಹುದಾಗಿತ್ತು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು 19 ಡಾಲರಿನ ವಿಷಯ. ತನ್ನ ಗುರುತನ್ನು ಪೂರ್ತಿ ಅಳಿಸಬೇಕೆನ್ನುವವನು ಅಷ್ಟು ಶುಲ್ಕ ಕೊಡಬೇಕಿತ್ತು. ಹಾಗೆ ಕೊಟ್ಟವರ ವಿವರಗಳನ್ನೂ ಸಂಸ್ಥೆ ತಿಂಗಳುಗಟ್ಟಲೆ ಇಟ್ಟುಕೊಂಡಿತ್ತು. ಪಶ್ಚಾತ್ತಾಪಕ್ಕೂ ದರ ಕಟ್ಟಿ, ದರ ತೆಗೆದುಕೊಂಡು, ಮಾತು ತಪ್ಪಿದ ವ್ಯಾಪಾರ ಮತ್ತಾವುದಿದ್ದೀತು? 2016ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ ಅಧಿಕಾರಿಗಳು ಒಟ್ಟಾಗಿ ವಿಚಾರಣೆ ನಡೆಸಿ ತಪ್ಪೆಂದರು. ಅಮೆರಿಕದಲ್ಲಿ ಸಂಸ್ಥೆ 16 ಲಕ್ಷ ಡಾಲರು ತೆತ್ತಿತು. ಬಯಲಾದ ಪಟ್ಟಿ ಹಿಡಿದು ಜನರನ್ನು ಬೆದರಿಸಿ ಹಣ ಕೇಳಿದ ಪುಂಡರೋ, ಅವರ ಲೆಕ್ಕ ಬೇರೆ.

ಅಂಥ ತಾಣಕ್ಕೆ ಹೋದವರಿಗೆ ಹಾಗೆಯೇ ಆಗಬೇಕು ಎಂದು ನಕ್ಕವರುಂಟು. ಆ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ದಾಂಪತ್ಯದ ದ್ರೋಹಕ್ಕೆ ಉತ್ತರ ಹೇಳಬೇಕಾದುದು ಮನೆಯಲ್ಲಿ. ಅದನ್ನು ಕೇಳುವ ಹಕ್ಕು ಹೆಂಡತಿಗೆ, ಗಂಡನಿಗೆ. ಊರಿನ ಚಾವಡಿಗೆ ಆ ಹಕ್ಕನ್ನು ಕೊಟ್ಟವರಾರು? ಪಟ್ಟಿ ಹೊರಬಿದ್ದಾಗ ತಪ್ಪಿತಸ್ಥನ ಜೊತೆಗೆ ಅವನ ಹೆಂಡತಿ ಮಕ್ಕಳೂ ಬೀದಿಗೆ ಬಂದರೆಂಬುದನ್ನು ನಕ್ಕವರು ಮರೆತರು.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಕನ್ನಡ ನಾಡಿನ ನಂಟುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ಪರರ ವೇಷ ಹಾಕಿದ ಬರಹ ಚಿತ್ರಗಳ ಬಗ್ಗೆ ನೊಂದವರೇ ಆಗಲಿ, ಅವರ ಪರವಾಗಿ ಮತ್ತೊಬ್ಬರೇ ಆಗಲಿ ದೂರಿತ್ತರೆ 24 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕೆಂದು ಗಡುವಿಟ್ಟವು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ತಾನು ಕೊಟ್ಟ ವಿವರವನ್ನು ಅಳಿಸೆಂದು ಕೇಳುವ ಹಕ್ಕು ಸೇರಿತು. 1999ರಲ್ಲಿ ಆ ಸಹಾಯಕಿಗೆ ಸಿಕ್ಕ ಉತ್ತರಕ್ಕೆ ನಮ್ಮ ನೆಲದಲ್ಲಿ ಇವು ಪ್ರತ್ಯುತ್ತರ.

ಕಾಯಿದೆಯ ಅಕ್ಷರ ಬೇರೆ, ಅದನ್ನು ನಡೆಸಿಕೊಡುವ ಮನಸ್ಸು ಬೇರೆ, ಬಲ್ಲೆ. ಮನೆಯ ಹುಡುಗಿಯೊಬ್ಬಳು ತನ್ನ ಚಿತ್ರ ಎಲ್ಲೋ ಕಂಡಿತೆಂದು ಅಳುತ್ತ ಬಂದಾಗ, ನೀನೇಕೆ ಚಿತ್ರ ತೆಗೆಸಿಕೊಂಡೆ ಎಂದು ಗದರುವ ಮೊದಲು, ಹಾಕಿದವರಾರು ಎಂದು ಕೇಳುವುದನ್ನಾದರೂ ನಾವು ಕಲಿಯಬೇಕು. ದೂರು ಬರೆಯಲು ಅವಳ ಪಕ್ಕದಲ್ಲಿ ಒಬ್ಬರು ಕೂರಬೇಕು.