ಮರುವಾಯಿ ಗಸಿ
ತುಳುನಾಡಿನ ಮರುವಾಯಿ, ಅಂದರೆ ಚಿಪ್ಪುಮೀನಿನ ತೆಂಗಿನ ಸಾರು. ಫಲ್ಗುಣಿ ನದಿಯ ಅಳಿವೆಗೆ ಹತ್ತಿರದ ಮಂಗಳೂರಿನ ಕುದ್ರೋಳಿಯಂಥ ಕಡೆಗಳ ಮನೆಯಡುಗೆ. ಮರುವಾಯಿಯನ್ನು ಕೆಲವು ಗಂಟೆ ಉಪ್ಪುನೀರಿನಲ್ಲಿಟ್ಟರೆ ಒಳಗಿನ ಮರಳನ್ನು ಉಗುಳುತ್ತದೆ; ಇಲ್ಲಿ ಅವಸರ ಸಲ್ಲದು. ತೊಳೆದು, ಮುಚ್ಚಿ ಬೇಯಿಸಿ, ಬಾಯಿ ಬಿಡದವನ್ನು ಎಸೆಯಬೇಕು. ಚಿಪ್ಪು ಬಿಟ್ಟ ನೀರೇ ರುಚಿಯ ಮೂಲ, ಸೋಸಿ ಉಳಿಸಿಕೊಳ್ಳಬೇಕು. ಅದರಲ್ಲೇ ಉಪ್ಪಿರುವುದರಿಂದ ಉಪ್ಪು ಕೊನೆಗೆ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆಯನ್ನು ಬೆಳ್ಳುಳ್ಳಿ, ಹುಣಸೆಹುಳಿ, ತೆಂಗಿನತುರಿಯೊಂದಿಗೆ ನುಣ್ಣಗೆ ಅರೆದು, ಉಳಿಸಿದ ನೀರು ಸೇರಿಸಿ ಕುದಿಸಿ, ಮರುವಾಯಿಯನ್ನು ಚಿಪ್ಪಿನ ಸಮೇತ ಸೇರಿಸುತ್ತಾರೆ. ಹೆಚ್ಚು ಕುದಿದರೆ ಮಾಂಸ ರಬ್ಬರಿನಂತಾಗುತ್ತದೆ. ಅಮೆರಿಕದ ಚಿಪ್ಪುಮೀನಿನ ಸೂಪಾದ ನ್ಯೂ ಇಂಗ್ಲೆಂಡ್ ಚೌಡರ್‌ಗೆ ಹಾಲು, ಕೆನೆ, ಆಲೂಗಡ್ಡೆಯಿಂದ ಬರುವ ಮಂದತೆ ಇಲ್ಲಿ ತೆಂಗಿನಿಂದ. ಜೊತೆಗೆ ಅಕ್ಕಿಯ ಕಡುಬಾದ ಪುಂಡಿ; ಪುಂಡಿಯನ್ನು ಗಸಿಯಲ್ಲೇ ಕುದಿಸಿದ ಮರುವಾಯಿ ಪುಂಡಿ ಇನ್ನೂ ರುಚಿ.