ಅಮೃತಾಪುರದ ಶಿಲೆಯೂ ಅಮೆರಿಕಾದ ಆದಿಸಾಹಿತ್ಯವೂ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿರುವ ಅಮೃತೇಶ್ವರನ ದೇವಾಲಯವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬನು ಕ್ರಿ. ಶ. 1196ರಲ್ಲಿ ಇದನ್ನು ಕಟ್ಟಿಸಿದನು. ರೂವಾರಿ ಮಲ್ಲಿತಮ್ಮನ ಉಳಿ ಮೊದಲು ಹೆಸರು ಪಡೆದುದು ಇಲ್ಲಿಯೇ. ಮಂಟಪದ ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಚಿತ್ರಫಲಕಗಳು, ಉತ್ತರದ ಗೋಡೆಯಲ್ಲಿ ಕೃಷ್ಣಲೀಲೆಯವು 25, ಭಾರತದವು 45. ಬಂದವರೆಲ್ಲರೂ ಇವನ್ನು ನೋಡಿ ತಣಿಯುವರು. ಮುಖಮಂಟಪದ ಬಳಿ ನಿಂತಿರುವ ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಮಾತ್ರ ಬಹಳ ಕಡಮೆ. ಆ ಕಲ್ಲಿನ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನನು.

ಜನ್ನನು ಜೈನನು, ಹೆಸರಿಗೆ ಮಾತ್ರ ಜೈನನಾದವನಲ್ಲ. 1209ರಲ್ಲಿ ಅವನು ಬರೆದ ಯಶೋಧರಚರಿತೆಯು, ಹಿಟ್ಟಿನ ಕೋಳಿಯನ್ನು ದೇವತೆಗೆ ಬಲಿಗೊಟ್ಟ ಸಂಕಲ್ಪಮಾತ್ರದ ಹಿಂಸೆಯೂ ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿ ಬರುವುದೆಂದು ಸಾರುವ ಕಾವ್ಯ. 1230ರ ಅನಂತನಾಥಪುರಾಣವು ತೀರ್ಥಂಕರನ ಚರಿತೆ. ಇಂತಹ ದೃಢವ್ರತನು ಶಿವಾಲಯದ ಶಾಸನಕ್ಕೆ ಪದ್ಯಗಳನ್ನು ಕಟ್ಟಿಕೊಟ್ಟುದು ಹೇಗೆ? ಆಸ್ಥಾನಕವಿಗೆ ಒಡೆಯನ ಅಪ್ಪಣೆಯೇ ಮತವೆಂದು ಕೆಲವರು ಹೇಳಿ ಮುಗಿಸಿಬಿಡುವರು. ನನಗೆ ಈ ಸಮಾಧಾನವು ಒಪ್ಪಿಗೆಯಾಗುವುದಿಲ್ಲ. ಬರೆದವನು ಅಪ್ಪಣೆಗೆ ಬರೆದನೆಂದೇ ಇರಲಿ. ಬರೆಯಿಸಿದವನು ಜೈನನನ್ನೇ ಏಕೆ ಹುಡುಕಿದನು? ಜಗನ್ನಾಥವಿಜಯವನ್ನು ಬರೆದ ರುದ್ರಭಟ್ಟನು ಆ ಬಲ್ಲಾಳನ ಕಾಲದವನೇ; ಬ್ರಾಹ್ಮಣಕವಿಗಳಿಗೆ ಬರವಿರಲಿಲ್ಲ. ತನ್ನ ದೇವರ ಮನೆಯ ಬಾಗಿಲಲ್ಲಿ ನಿಲ್ಲತಕ್ಕ ಕಲ್ಲಿಗೆ ಒಳ್ಳೆಯ ಪದ್ಯ ಬೇಕೆಂದು ಅವನು ಬಯಸಿದನು. ಒಳ್ಳೆಯ ಪದ್ಯ ಬರೆಯಬಲ್ಲವನು ಜಿನಭಕ್ತನಾಗಿದ್ದನು. ಇಬ್ಬರಿಗೂ ಇದರಲ್ಲಿ ವಿರೋಧವೇನೂ ತೋರಲಿಲ್ಲ.

ಈ ಸಂಗತಿಯ ತೂಕವನ್ನು ಅರಿಯಬೇಕಾದರೆ ನಮ್ಮ ತಕ್ಕಡಿಯಲ್ಲಿಯೇ ತೂಗಿದರೆ ಸಾಲದು. ಮತಕ್ಕೂ ಸಾಹಿತ್ಯಕ್ಕೂ ಬಿಗಿಯಾದ ಗಂಟು ಬಿದ್ದಿದ್ದ ಇನ್ನೊಂದು ನಾಡನ್ನು ನೋಡೋಣ. ಇಂಗ್ಲೆಂಡಿನ ಅಧಿಕೃತ ಮತಾಚಾರಕ್ಕೆ ಒಗ್ಗದ ಪ್ಯೂರಿಟನ್ ಪಂಥದವರು 1620ರಿಂದ ಮುಂದೆ ತಂಡತಂಡವಾಗಿ ಅಮೆರಿಕಾ ಖಂಡಕ್ಕೆ ಹೋಗಿ ನೆಲಸಿದರು. ಅಲ್ಲಿಯ ಇಂಗ್ಲಿಷ್ ವಸಾಹತುಗಳಲ್ಲಿ ಮೊಟ್ಟಮೊದಲು ಅಚ್ಚಾದ ಪುಸ್ತಕವು 1640ರ ಸ್ತೋತ್ರಸಂಗ್ರಹ. ದಾವೀದನ ಕೀರ್ತನೆಗಳನ್ನು ಸಭೆಯಲ್ಲಿ ಹಾಡಲು ತಕ್ಕಂತೆ ಛಂದಸ್ಸಿಗೆ ಅಳವಡಿಸಿದುದು. ಆ ಜನದ ಸಾಹಿತ್ಯವೆಂದರೆ ಬಹುಮಟ್ಟಿಗೆ ಧರ್ಮೋಪದೇಶ, ದಿನಚರಿ, ಪ್ರಾರ್ಥನೆ. ಆನ್ ಬ್ರಾಡ್‌ಸ್ಟ್ರೀಟ್ ಎಂಬ ಗೃಹಿಣಿಯ ಕವಿತೆಗಳು 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಅವುಗಳ ಹೃದಯವೂ ಆ ಭಕ್ತಿಯೇ. ಈ ಭಕ್ತಿಯನ್ನು ಹಗುರವಾಗಿ ಕಾಣುವುದು ತರವಲ್ಲ. ಆದರೆ ಸಭೆಯ ಮಾತಿಗೆ ಬೇರೆ ಮಾತನ್ನಾಡಿದವರಿಗೆ ಅಲ್ಲಿ ಎಡೆಯಿರಲಿಲ್ಲ. ರಾಜರ್ ವಿಲಿಯಮ್ಸನಿಗೆ 1635ರಲ್ಲಿ ಗಡೀಪಾರು. ದೈವಪ್ರಸಾದವು ಅಂತರಂಗಕ್ಕೆ ನೇರವಾಗಿ ತಿಳಿಯುವುದೆಂದು ಮನೆಯಲ್ಲಿ ನೆರೆದವರಿಗೆ ಬೋಧಿಸಿದ ಆನ್ ಹಚಿನ್‌ಸನ್ ಎಂಬಾಕೆಗೆ 1637ರಲ್ಲಿ ವಿಚಾರಣೆ, ಅನಂತರ ಬಹಿಷ್ಕಾರ. ಕ್ವೇಕರ್ ಪಂಥದ ನಾಲ್ವರನ್ನು 1659ರಿಂದ 1661ರೊಳಗೆ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಹಿಂಸೆಗೆ ಅಂಜಿ ಕಡಲು ದಾಟಿದವರೇ ಇವರು!

ಆ ಗಂಟು ಸಡಿಲವಾಗಲು ಇನ್ನೂರು ವರ್ಷಗಳು ಹಿಡಿದುವು. 1832ರಲ್ಲಿ ಎಮರ್ಸನ್ನನು, ಪ್ರಭುಭೋಜನದ ವಿಧಿಯನ್ನು ಮನಸ್ಸೊಪ್ಪಿ ನಡೆಯಿಸಲಾರೆನೆಂದು ತನ್ನ ಪುರೋಹಿತಪದವಿಯನ್ನೇ ಬಿಟ್ಟನು. 1838ರಲ್ಲಿ ಹಾರ್ವರ್ಡ್ ಧರ್ಮಶಾಲೆಯಲ್ಲಿ ಅವನು ಮಾಡಿದ ಭಾಷಣದಿಂದ ಹಿರಿಯರು ಕೆರಳಿ, ಮೂವತ್ತು ವರ್ಷಗಳ ಹತ್ತಿರ ಆ ವಿದ್ಯಾಲಯಕ್ಕೆ ಅವನನ್ನು ಭಾಷಣಕ್ಕೆ ಕರೆಯಲಿಲ್ಲ. ಹೀಗೆ ಸಭೆಯಿಂದ ಹೊರಬಿದ್ದವನ ಕೈಗೆ ವಿಲ್ಕಿನ್ಸನು 1785ರಲ್ಲಿ ಇಂಗ್ಲಿಷಿಗೆ ತಂದ ಭಗವದ್ಗೀತೆ ಸಿಕ್ಕಿತು. ಅವನ ಮಿತ್ರ ಥೋರೋ ಸಹ ಅದನ್ನೋದಿದನು. 1857ರಲ್ಲಿ ಎಮರ್ಸನ್ನನು ಬ್ರಹ್ಮವಸ್ತುವನ್ನು ಕುರಿತ ಕಿರುಗವಿತೆಯನ್ನು ಪ್ರಕಟಿಸಿದಾಗ, ಅರ್ಥವಾಗದೆ ಹಲವರು ಅಣಕವಾಡಿದರು. ನಮ್ಮ ಪಾಠಶಾಲೆಯ ಸಾಮಾನ್ಯ ವಿದ್ಯಾರ್ಥಿಯಾಗಿದ್ದರೆ, ಕಠೋಪನಿಷತ್ತೂ ಗೀತೆಯ ಎರಡನೆಯ ಅಧ್ಯಾಯವೂ ಒಡನೆಯೇ ನೆನಪಿಗೆ ಬರುತ್ತಿದ್ದುವು.

ಇಷ್ಟನ್ನು ಹೇಳಿ, ನೋಡಿದಿರಾ ನಮ್ಮ ನಾಡಿನ ಔದಾರ್ಯ ಎಂದು ಬೀಗುವುದಕ್ಕೆ ಚರಿತ್ರೆಯು ಆಸ್ಪದ ಕೊಡುವುದಿಲ್ಲ. ಅಮೃತಾಪುರದ ಕಲ್ಲು ನಿಂತ ಕಾಲಕ್ಕೆ ಸಮೀಪದ್ದೇ ಆದ ಅಬ್ಬಲೂರಿನ ಶಾಸನವು, ಏಕಾಂತದ ರಾಮಯ್ಯನು ಜೈನರೊಡನೆ ಪಂಥವನ್ನೊಡ್ಡಿ ಗೆದ್ದು ಜಿನಬಿಂಬವನ್ನು ಒಡೆದುದನ್ನು ಹೆಮ್ಮೆಯಿಂದ ಹೇಳುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯನೇ ನಡುವೆ ನಿಂತು ತೀರಿಸಬೇಕಾಯಿತು. ಶ್ರವಣಬೆಳುಗೊಳದ ಶಿಲೆ ಅದಕ್ಕೆ ಸಾಕ್ಷಿ. ಕಲಹವೂ ಇತ್ತು. ಜನ್ನನ ಪದ್ಯವು ಆ ಕಲಹದ ಕಾಲದಲ್ಲಿಯೇ ಹುಟ್ಟಿದುದೆಂಬುದರಿಂದ ಅದರ ಬೆಲೆ ಹೆಚ್ಚುವುದೇ ಹೊರತು ಕುಂದುವುದಿಲ್ಲ.

ಇದನ್ನೆಲ್ಲ ಬರೆಯಲು ನನಗೆ ಪ್ರೇರಣೆಯಾದುದು ಕಡೂರು ಸೀಮೆಯ ಒಂದು ಹಳೆಯ ಜಗಳ. ಜೈಮಿನಿ ಭಾರತದ ಲಕ್ಷ್ಮೀಶನು ದೇವನೂರಿನವನು. ಅವನ ಕಾಲವನ್ನು ಹದಿನಾರನೆಯ ಶತಮಾನವೆಂದೂ ಹದಿನೇಳರ ಕೊನೆಯೆಂದೂ ಪಂಡಿತರು ವಾದಿಸಿರುವರು. ಅದು ಸರಿಯೇ, ಚರಿತ್ರೆಗೆ ಕಾಲ ಬೇಕು. ಆದರೆ ಅವನು ಸ್ಮಾರ್ತನೋ ಶ್ರೀವೈಷ್ಣವನೋ ಎಂಬ ವಿವಾದದಲ್ಲಿ ಇಕ್ಕಡೆಯವರೂ ವ್ಯಯಮಾಡಿರುವ ಕಾಗದವನ್ನು ಕಂಡರೆ ವ್ಯಥೆಯಾಗುತ್ತದೆ. ದೇವಪುರದ ಲಕ್ಷ್ಮೀಕಾಂತನ ಭಕ್ತನೆಂಬುದನ್ನು ಕಾವ್ಯವೇ ಹೇಳುತ್ತದೆ. ಅದಕ್ಕಿಂತ ಮುಂದೆ ಹೋಗಿ, ಯಾವುದೋ ಒಂದು ಶಬ್ದದ ಬಾಲವನ್ನು ಹಿಡಿದೆಳೆದು ಅವನ ಹಣೆಯ ಮೇಲೆ ಗೋಪೀಚಂದನವನ್ನೋ ಮೂರು ನಾಮವನ್ನೋ ಬರೆಯಹೊರಡುವವರು, ಸೀತಾಪರಿತ್ಯಾಗವನ್ನು ಗಮಕಿಗಳು ಓದುವಾಗ ಕಣ್ಣೊರಸಿಕೊಳ್ಳುವ ಜನವು ತಮ್ಮ ತಮ್ಮ ಮಠಗಳನ್ನು ಕೇಳಿ ಅಳುವುದಿಲ್ಲವೆಂಬುದನ್ನು ಮರೆತಿದ್ದಾರೆ. ಜನ್ನನ ಮತವು ನಮಗೆ ಖಚಿತವಾಗಿ ಗೊತ್ತಿದೆ. ಗೊತ್ತಿದ್ದೂ ಅದರಿಂದ ಅಮೃತಾಪುರದ ಪದ್ಯಗಳನ್ನು ಊಹಿಸಲಾಗುತ್ತಿರಲಿಲ್ಲ.

ಈ ಜೈಮಿನಿ ಭಾರತವನ್ನು 1852ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಅನುವಾದ ಟಿಪ್ಪಣಿಗಳೊಡನೆ ಅಚ್ಚುಹಾಕಿಸಿದವನು ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿ. ಅವನು ತನ್ನ ಮತವನ್ನು ಬಿಟ್ಟು ಬಂದವನಲ್ಲ, ಬೋಧಿಸಲು ಬಂದವನು. ಅದಾದ ಎರಡೇ ವರ್ಷಕ್ಕೆ, ಭೂಮಿಯ ಆ ಕಡೆಯಲ್ಲಿ, ಥೋರೋವಿನ ಗ್ರಂಥ ಹೊರಬಂದಿತು. ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕೊಯ್ದು ಒಯ್ಯುವವರನ್ನು ಕಂಡು, ತನ್ನ ಬಾವಿಯ ನೀರು ಗಂಗೆಯ ನೀರಿನೊಡನೆ ಬೆರೆಯಿತೆಂದು ಅವನು ಅದರಲ್ಲಿ ಬರೆದಿದ್ದಾನೆ.