ಅಕ್ಕಿಪೆಟ್ಟಿಗೆಯ ರಾಜಕುಮಾರ, ಪಂಜರದ ಖಂಡೇರಾವ್

ಮಳವಳ್ಳಿಯಿಂದ ಮದ್ದೂರು ಹಾದು ಮಂಡ್ಯಕ್ಕೆ ಬರುವ ಬೆಳಗಿನ ಬಸ್ಸುಗಳಲ್ಲಿ ಕಾಲೇಜು ಹುಡುಗಿಯರ ಮೊಬೈಲುಗಳನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹತ್ತು ಪರದೆಗಳಲ್ಲಿ ಎರಡು ಮೂರರಲ್ಲಾದರೂ ಕೊರಿಯಾದ ಅಥವಾ ಚೀನಾದ ಧಾರಾವಾಹಿಯೊಂದು ಓಡುತ್ತಿರುತ್ತದೆ. ಕೆಲವರು ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡುತ್ತಾರೆ, ಕೆಲವರು ಹಿಂದಿ, ತೆಲುಗು ಅಥವಾ ತಮಿಳು ಡಬ್ಬಿಂಗ್‌ನಲ್ಲಿ. ನಾನೂ ಇದೇ ಸಾಲಿನ ಪ್ರೇಕ್ಷಕಿ. ಹದಿನೆಂಟನೆಯ ಶತಮಾನದ ಮೈಸೂರಿನ ಬಗ್ಗೆ ಓದುವುದು ನನ್ನ ಕೆಲಸ. ರಾತ್ರಿ ಊಟವಾದ ಮೇಲೆ ಜೋಸನ್ ಅರಮನೆಯೊಳಗೆ ಹೋಗಿ ಕೂರುವುದು ಅಭ್ಯಾಸ. ಎರಡನ್ನೂ ಒಟ್ಟಿಗೆ ಮಾಡುತ್ತ ಬಂದಾಗ ಹುಟ್ಟಿದ ಕೆಲವು ಅಭಿಪ್ರಾಯಗಳನ್ನು ಇಲ್ಲಿ ಹೇಳುತ್ತೇನೆ.

ಈ ಧಾರಾವಾಹಿಗಳು ಯಾಕೆ ಇಷ್ಟ ಎಂದು ಕೇಳಿದಾಗ ಮದ್ದೂರಿನ ವಿದ್ಯಾರ್ಥಿನಿಯೊಬ್ಬಳು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: "ಅವ್ರು ಕತೆ ಮುಗಿಸ್ತಾರೆ ಮೇಡಂ, ನಮ್ಮೋರು ಮುಗ್ಸೋದೇ ಇಲ್ಲ." ನಿಜ. ಹದಿನಾರು ಕಂತಿನಲ್ಲಿ ಒಂದು ಕೊರಿಯನ್ ಕತೆ ಮುಗಿಯುತ್ತದೆ. ನಮ್ಮ ಮೆಗಾ ಧಾರಾವಾಹಿಗಳು ವರ್ಷಗಟ್ಟಲೆ ನಡೆದು, ಸತ್ತವರು ಎದ್ದು ಬಂದು, ಕೊನೆಗೆ ಯಾರು ಯಾರ ಮಗಳು ಎಂಬುದೇ ಮರೆತುಹೋಗುತ್ತದೆ. ಆದರೆ ಉದ್ದವೊಂದೇ ಕಾರಣವಾಗಲಾರದು. ಕೊರಿಯಾದ ಚಾರಿತ್ರಿಕ ಧಾರಾವಾಹಿಗಳು ಐವತ್ತು, ಎಪ್ಪತ್ತು ಕಂತು ಓಡಿದ್ದುಂಟು. ಚೀನಾದ 'ಎಂಪ್ರೆಸಸ್ ಇನ್ ದ ಪ್ಯಾಲೇಸ್' 76 ಕಂತುಗಳದ್ದು. ಅವನ್ನೂ ನಮ್ಮ ಹುಡುಗಿಯರು ಬಿಡದೆ ನೋಡುತ್ತಾರೆ. ಹಾಗೆ ನೋಡಿದವರು ಜೋಸನ್ ಅರಸರ ಸರದಿಯನ್ನು ಬಾಯಿಪಾಠ ಹೇಳಬಲ್ಲರು. ಅವರಲ್ಲೇ ಹಲವರಿಗೆ, ಮಂಡ್ಯದಿಂದ ಒಂದು ಗಂಟೆಯೂ ಬೇಡದ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಹೊರತಾಗಿ ಯಾರು ಆಳಿದರು ಎಂದರೆ ತೋಚುವುದಿಲ್ಲ. ತಪ್ಪು ಅವರದಲ್ಲ. ಅವರಿಗೆ ಆ ಕತೆಯನ್ನು ಯಾರೂ ಹೇಳಿಲ್ಲ.

ಒಂದು ಹೋಲಿಕೆ ನೋಡಿ. 1762ರ ಬೇಸಿಗೆಯಲ್ಲಿ ಕೊರಿಯಾದ ಅರಸ ಯೊಂಗ್‌ಜೊ ತನ್ನ ಮಗ, ಯುವರಾಜ ಸಾಡೊವನ್ನು ಅಕ್ಕಿ ತುಂಬಿಡುವ ಮರದ ಪೆಟ್ಟಿಗೆಯೊಳಗೆ ಹಾಕಿಸಿ ಮುಚ್ಚಿಸಿದ. ಎಂಟು ದಿನಗಳಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಸಾಡೊ ಸತ್ತ. ಈ ಒಂದು ಘಟನೆಯ ಮೇಲೆ ಕೊರಿಯನ್ನರು ಕಟ್ಟಿದ ಸಿನಿಮಾ, ಧಾರಾವಾಹಿಗಳಿಗೆ ಲೆಕ್ಕವಿಲ್ಲ. ಸಾಡೊನ ಮಗ ಜೊಂಗ್‌ಜೊ ಮುಂದೆ ಅರಸನಾದ ಕತೆ 2007ರ 'ಯಿ ಸಾನ್'. ಅವನು ಪ್ರೀತಿಸಿದ ಅರಮನೆಯ ಸೇವಕಿಯ ಕತೆ 2021ರ 'ದ ರೆಡ್ ಸ್ಲೀವ್'. ಮಳವಳ್ಳಿಯ ಹುಡುಗಿಗೆ ಆ ಅಕ್ಕಿಪೆಟ್ಟಿಗೆ ಗೊತ್ತು.

ಅದಕ್ಕೆ ಒಂದೇ ವರ್ಷ ಮೊದಲು ನಮ್ಮಲ್ಲಿ ಒಂದು ಪಂಜರವಿತ್ತು. ಖಂಡೇರಾವ್ ಹೈದರನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ನಂಬಿಕೆಯ ಮನುಷ್ಯ. 1760ರಲ್ಲಿ ಆತ ಅರಮನೆಯ ಪಕ್ಷ ಸೇರಿ, ಶ್ರೀರಂಗಪಟ್ಟಣದಲ್ಲಿ ಹೈದರನ ಮೇಲೆಯೇ ತಿರುಗಿಬಿದ್ದ. ಹೈದರ್ ಮನೆಮಂದಿಯನ್ನು ಬಿಟ್ಟು ರಾತ್ರೋರಾತ್ರಿ ಕಾವೇರಿ ದಾಟಿ ಬೆಂಗಳೂರಿಗೆ ಓಡಿದ. ಮುಂದಿನ ವರ್ಷ ಸೋತು ಸುಣ್ಣವಾದ ಹೈದರ್, ತಾನೇ ಹಿಂದೆ ಮೂಲೆಗುಂಪು ಮಾಡಿದ್ದ ದಳವಾಯಿ ನಂಜರಾಜಯ್ಯನ ಕಾಲಿಗೆ ಬಿದ್ದ. ಅವನ ಮುದ್ರೆಯುಳ್ಳ ಕಾಗದಗಳನ್ನು ಖಂಡೇರಾವ್‌ನ ಸರದಾರರ ಹೆಸರಿಗೆ ಬರೆಸಿ, ಅವು ಖಂಡೇರಾವ್‌ನ ಕೈಗೇ ಸಿಗುವಂತೆ ಮಾಡಿದ. ತನ್ನವರೇ ತನ್ನನ್ನು ಮಾರಿಕೊಂಡಿದ್ದಾರೆ ಎಂದುಕೊಂಡ ಖಂಡೇರಾವ್ ಸೈನ್ಯವನ್ನು ಬಿಟ್ಟು ಓಡಿದ. ಕೊನೆಗೆ ಅವನನ್ನು ಒಪ್ಪಿಸಬೇಕಾಗಿ ಬಂದಾಗ ಅರಮನೆಯವರು ಪ್ರಾಣಭಿಕ್ಷೆ ಕೇಳಿದರಂತೆ. ಗಿಳಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟನಂತೆ. ಮಾತಿಗೆ ತಪ್ಪಲಿಲ್ಲ: ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಇದು ಕರ್ನಲ್ ಮಾರ್ಕ್ ವಿಲ್ಕ್ಸ್ ತನ್ನ ಗ್ರಂಥದಲ್ಲಿ ಹೇಳುವ ವೃತ್ತಾಂತ. ವಿಲ್ಕ್ಸ್ ಗೆದ್ದವರ ಕಡೆಯ ಅಧಿಕಾರಿ. ಅವನ ಮಾತನ್ನು ಜರಡಿ ಹಿಡಿದೇ ಓದಬೇಕು. ಆದರೂ ಸುಳ್ಳು ಕಾಗದ, ಸೋತವನ ಶರಣಾಗತಿ, ಮಾತಿನ ಚಮತ್ಕಾರದಲ್ಲಿ ಅಡಗಿದ ಕ್ರೌರ್ಯ, ಇವುಗಳಲ್ಲಿ ಯಾವುದು ಕಡಿಮೆ? ಒಬ್ಬ ಕೊರಿಯನ್ ಬರಹಗಾರ್ತಿಗೆ ಇದು ಸಿಕ್ಕಿದ್ದರೆ ನಾಲ್ಕು ಕಂತು ಖಂಡಿತ ಆಗುತ್ತಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಸಾಡೊನ ಹೆಂಡತಿ ಹ್ಯೆಗ್ಯೊಂಗ್ 1795ರಿಂದ 1805ರ ನಡುವೆ ತನ್ನ ನೆನಪುಗಳನ್ನು ಕೊರಿಯನ್ ಲಿಪಿಯಲ್ಲೇ ಬರೆದಿಟ್ಟಳು. ಗಂಡನ ಸಾವು ಮತ್ತು ತವರಿನ ಮೇಲಿನ ಆರೋಪಗಳಿಗೆ ಆಕೆ ಕೊಟ್ಟ ಉತ್ತರ ಅದು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಅರಮನೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ರಾಣಿ ಲಕ್ಷ್ಮಮ್ಮಣ್ಣಿ ಇದ್ದಳು. 1766ರಲ್ಲಿ ಗಂಡ ತೀರಿಕೊಂಡ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಆಕೆ ಒಂದೇ ಪಟ್ಟು ಹಿಡಿದಳು: ರಾಜ್ಯ ಮರಳಿ ಮನೆತನಕ್ಕೆ ಬರಬೇಕು. ತಿರುಮಲರಾವ್ ಎಂಬ ಪ್ರಧಾನನ ಮೂಲಕ ಕಂಪನಿಯವರೊಡನೆ ಗುಟ್ಟಾಗಿ ಮಾತು ನಡೆಸಿದಳು. 1782ರಲ್ಲಿ ತಂಜಾವೂರಿನಲ್ಲಿ ಆಕೆಯ ಪರವಾಗಿ ಒಪ್ಪಂದವೂ ಆಯಿತು. 1799ರಲ್ಲಿ ಆಕೆ ಬಯಸಿದ್ದು ನಡೆಯಿತು. ಐದು ವರ್ಷದ ಮೊಮ್ಮಗ ಮುಮ್ಮಡಿ ಕೃಷ್ಣರಾಜ ಪಟ್ಟಕ್ಕೆ ಬಂದ. ಆದರೆ ದಿವಾನಗಿರಿ ಅಷ್ಟು ವರ್ಷ ರಾಣಿಗಾಗಿ ದುಡಿದ ತಿರುಮಲರಾವ್‌ಗೆ ಸಿಗಲಿಲ್ಲ. ನಿನ್ನೆಯವರೆಗೆ ಟಿಪ್ಪುವಿನ ಹಣಕಾಸು ನೋಡುತ್ತಿದ್ದ ಪೂರ್ಣಯ್ಯ ದಿವಾನನಾದ. ಗೆಲುವಿನ ಒಳಗೇ ಇರುವ ಈ ಕಹಿಯನ್ನು ತೋರಿಸಲು ಎಂಥ ಕಲ್ಪನೆಯೂ ಬೇಡ, ನಡೆದದ್ದನ್ನು ಹೇಳಿದರೆ ಸಾಕು.

1799ನ್ನು ಹಿಡಿದು ನೋಡಿದರೆ ಚೀನಾವೂ ಹತ್ತಿರ ಬರುತ್ತದೆ. ನಮ್ಮ ಹುಡುಗಿಯರು 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್'ನಲ್ಲಿ ನೋಡುವ ಚಕ್ರವರ್ತಿ ಚಿಯನ್‌ಲಾಂಗ್ ಆ ವರ್ಷ ಫೆಬ್ರವರಿ 7ರಂದು ತೀರಿಕೊಂಡ. ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಅಂದು ಅಲ್ಲಿದ್ದ. ಇಂಗ್ಲಿಷರು ಸೋಸಲೆಯ ಬಳಿ ಕಾವೇರಿ ದಾಟಿದರು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಜೊಂಗ್‌ಜೊ ಮರುವರ್ಷ ತೀರಿಕೊಂಡ. ಮೂರು ಆಸ್ಥಾನಗಳು, ಒಂದೇ ತಲೆಮಾರು. ಎರಡು ಆಸ್ಥಾನಗಳ ಒಳಕೋಣೆ ನಮಗೆ ಪರಿಚಿತ. ಮೂರನೆಯದು ನಮ್ಮದೇ, ಅಲ್ಲಿ ನಮಗೆ ಕಾಣುವುದು ಕೋಟೆಯ ಹೊರಗೋಡೆ ಮಾತ್ರ.

ಕೊರಿಯಾಕ್ಕೆ ಇದು ಹೇಗೆ ಸಾಧ್ಯವಾಯಿತು? ಹಣ, ತಂತ್ರಜ್ಞಾನ ಎಲ್ಲವೂ ಇದೆ. ಅದರ ಹಿಂದೆ ಒಂದು ಪುಸ್ತಕವೂ ಇದೆ: 'ಜೋಸನ್ ವಾಂಗ್‌ಜೊ ಸಿಲ್ಲೊಕ್'. 1392ರಿಂದ 1863ರವರೆಗೆ ಇಪ್ಪತ್ತೈದು ಅರಸರ ದಿನಚರಿ. ಆಸ್ಥಾನದಲ್ಲಿ ನಡೆದದ್ದನ್ನು ಬರೆದುಕೊಳ್ಳಲೆಂದೇ ಅಧಿಕಾರಿಗಳಿದ್ದರು. ಅವರು ಬರೆದದ್ದನ್ನು ಅರಸ ಓದುವಂತಿರಲಿಲ್ಲ. 1404ರಲ್ಲಿ ಅರಸ ತೇಜೊಂಗ್ ಬೇಟೆಯಲ್ಲಿ ಕುದುರೆಯಿಂದ ಬಿದ್ದು, ಎದ್ದ ಕೂಡಲೇ "ಇದು ಬರಹದವನಿಗೆ ತಿಳಿಯಬಾರದು" ಎಂದನಂತೆ. ಬರಹದವನು ಆ ಮಾತನ್ನೂ ಬರೆದಿಟ್ಟ! ಮೂಲ ಹಳೆಯ ಚೀನೀ ಭಾಷೆಯಲ್ಲಿದೆ. ದಕ್ಷಿಣ ಕೊರಿಯಾದವರು ಅದನ್ನು ಪೂರ್ತಿಯಾಗಿ ಇಂದಿನ ಕೊರಿಯನ್‌ಗೆ ಅನುವಾದಿಸಿ 1993ರಲ್ಲಿ ಮುಗಿಸಿದರು, 1995ರಲ್ಲಿ ಸಿಡಿಯಲ್ಲಿ ತಂದರು, 2006ರಲ್ಲಿ ಯಾರು ಬೇಕಾದರೂ ಹುಡುಕಿ ಓದುವಂತೆ ಅಂತರ್ಜಾಲಕ್ಕೆ ಹಾಕಿದರು. ಧಾರಾವಾಹಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಗಣಿ ಬೇಕೆ?

ಆ ಗಣಿಯಿಂದ ಬಂದವಳು ಜಾಂಗ್‌ಗುಮ್. ಅರಸ ಜುಂಗ್‌ಜೊಂಗ್‌ನ ಕಾಲದ ದಿನಚರಿಯಲ್ಲಿ ಈ ವೈದ್ಯೆಯ ಹೆಸರು ಕೆಲವೇ ಕಡೆ, ಒಂದೆರಡು ಸಾಲುಗಳಲ್ಲಿ ಬರುತ್ತದೆ. ಅಷ್ಟನ್ನೇ ಹಿಡಿದು 2003ರಲ್ಲಿ 54 ಕಂತುಗಳ 'ದೇ ಜಾಂಗ್ ಗುಮ್' ಬಂತು. ಅಡುಗೆಮನೆಯ ಸೇವಕಿಯಾಗಿ ಬಂದ ಹುಡುಗಿ ಅರಸನ ವೈದ್ಯೆಯಾಗುವ ಕತೆ ಅದು. ದೂರದರ್ಶನವೂ ಅದನ್ನು 'ಘರ್ ಕಾ ಚಿರಾಗ್' ಎಂದು ಹಿಂದಿಯಲ್ಲಿ ತೋರಿಸಿತ್ತು.

ನನಗೆ ಅವಳನ್ನು ನೋಡುವಾಗಲೆಲ್ಲ ನೆನಪಾಗುವವಳು ಸಂಚಿ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದು ನಿಲ್ಲುತ್ತಿದ್ದ, ಯಳಂದೂರು ಸೀಮೆಯಿಂದ ಬಂದ ಹೆಣ್ಣುಮಗಳು. ಅಳಸಿಂಗರಾರ್ಯರಲ್ಲಿ ಕಲಿತು 'ಹದಿಬದೆಯ ಧರ್ಮ' ಎಂಬ ಸಾಂಗತ್ಯ ಕಾವ್ಯ ಬರೆದಳು. ಆ ಅರಮನೆಯೇನು ಸಾಮಾನ್ಯದ್ದೇ? ಅಠಾರಾ ಕಚೇರಿ ಎಂಬ ಹದಿನೆಂಟು ಇಲಾಖೆಗಳು ರೂಪುಗೊಂಡ ಕಾಲ. ಮಂತ್ರಿ ವಿಶಾಲಾಕ್ಷ ಪಂಡಿತ 1686ರಲ್ಲಿ ಕೊಲೆಯಾದ. ಅವನ ಜಾಗಕ್ಕೆ ಕವಿ ತಿರುಮಲಾರ್ಯ ಬಂದ. ಕನ್ನಡದ ಮೊದಲ ಉಪಲಬ್ಧ ನಾಟಕ 'ಮಿತ್ರವಿಂದಾ ಗೋವಿಂದ' ಹುಟ್ಟಿದ್ದೂ ಅಲ್ಲಿಯೇ. ಸಂಚಿ ಹಿಡಿದು ಮೂಲೆಯಲ್ಲಿ ನಿಂತವಳು ಇದೆಲ್ಲದರಲ್ಲಿ ಏನೇನು ಕೇಳಿಸಿಕೊಂಡಿರಬಹುದು? ಪತಿವ್ರತೆಯ ಧರ್ಮ ಹೇಳಲು ಹೊರಟ ಕಾವ್ಯದೊಳಗೇ ಹೆಣ್ಣನ್ನು ಹಳಿಯುವವರನ್ನು ಪ್ರಶ್ನಿಸುವ ಧೈರ್ಯ ಅವಳಿಗೆ ಎಲ್ಲಿಂದ ಬಂತು? ನಾವು ಅವಳನ್ನು ಪಠ್ಯಪುಸ್ತಕದ ನಾಲ್ಕು ಸಾಲಿಗೆ ನಿಲ್ಲಿಸಿಬಿಟ್ಟಿದ್ದೇವೆ.

ನಮ್ಮಲ್ಲಿ ಆಕರಗಳಿಲ್ಲ ಎನ್ನುವವರಿದ್ದಾರೆ. ಸಿಲ್ಲೊಕ್‌ನಂಥ ಅಖಂಡ ದಿನಚರಿ ಇಲ್ಲ ಎಂಬುದು ಸರಿ. ಆದರೆ ಗೋವಿಂದ ವೈದ್ಯನ 'ಕಂಠೀರವ ನರಸರಾಜ ವಿಜಯ' ಇದೆ. 1640ರ ದಶಕದ ಶ್ರೀರಂಗಪಟ್ಟಣದ ಬೀದಿ, ಅಂಗಡಿ, ಉಡುಗೆ, ಮಹಾನವಮಿಯ ಒಡ್ಡೋಲಗ ಎಲ್ಲವೂ ಅದರಲ್ಲಿವೆ. ಬಿ.ಎಲ್. ರೈಸ್ 1894ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಶಾಸನಗಳಿವೆ. ಹಯವದನರಾಯರು ಮೂರು ಸಂಪುಟಗಳಲ್ಲಿ ಮೈಸೂರಿನ ಇತಿಹಾಸ ಬರೆದಿದ್ದಾರೆ. ಕೊರತೆ ಇರುವುದು ಇವನ್ನು ಇಂದಿನ ಕನ್ನಡಕ್ಕೆ ತಂದು, ಸುಲಭವಾಗಿ ಕೈಗೆ ಸಿಗುವಂತೆ ಮಾಡುವ ಕೆಲಸದಲ್ಲಿ.

ಆಕರ ಜನರ ಕೈಯಲ್ಲಿ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಮಂಡ್ಯ 2023ರಲ್ಲಿ ಕಂಡಿತು. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಮಾತು ನಾಟಕದಿಂದ ರಾಜಕೀಯದ ವೇದಿಕೆಗೆ ಬಂತು. ಮಾರ್ಚಿಯಲ್ಲಿ ಅವರ ಹೆಸರಿನ ಸ್ವಾಗತ ಕಮಾನು ಮಂಡ್ಯದಲ್ಲಿ ಎದ್ದು, ವಿವಾದವಾಗಿ ಹೆಸರು ಬದಲಾಯಿತು. ಸಿನಿಮಾದ ಘೋಷಣೆಯೂ ಆಯಿತು. ಇತಿಹಾಸಕಾರರು ಆಧಾರವೆಲ್ಲಿ ಎಂದು ಕೇಳಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಮಧ್ಯೆ ಬಂದ ಮೇಲೆ ಸಿನಿಮಾ ನಿಂತಿತು. ಅದಕ್ಕೂ ಹಿಂದೆ, 1990ರ ಹಿಂದಿ ಧಾರಾವಾಹಿ 'ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಕೂಡ ಕಾದಂಬರಿ ಆಧಾರಿತ ಎಂಬ ಸೂಚನೆಯೊಂದಿಗೇ ಪ್ರಸಾರವಾಗಬೇಕಾಯಿತು. ಇಷ್ಟೆಲ್ಲ ಗದ್ದಲದಲ್ಲಿ ನಮ್ಮ ಕತೆ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಒಂದೇ ಪ್ರಶ್ನೆಗೆ ಸಿಕ್ಕಿಕೊಂಡಿತು. ಲಕ್ಷ್ಮಮ್ಮಣ್ಣಿ, ಖಂಡೇರಾವ್, ಹೊನ್ನಮ್ಮ, ಮಳವಳ್ಳಿಯ ಬಯಲಿನಲ್ಲಿ ಹೊಲ ತುಳಿಸಿಕೊಂಡ ರೈತ, ಇವರಿಗೆಲ್ಲ ಅಲ್ಲಿ ಜಾಗವೇ ಇಲ್ಲ.

ಕೊರಿಯಾ, ಚೀನಾಗಳಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. 2021ರ ಮಾರ್ಚಿಯಲ್ಲಿ 'ಜೋಸನ್ ಎಕ್ಸಾರ್ಸಿಸ್ಟ್' ಧಾರಾವಾಹಿ ಇತಿಹಾಸ ತಿರುಚಿದೆ ಎಂದು ಪ್ರೇಕ್ಷಕರು ಸಿಟ್ಟಿಗೆದ್ದು, ಎರಡೇ ಕಂತಿಗೆ ನಿಂತಿತು. 2019ರ ಆರಂಭದಲ್ಲಿ, ಸರ್ಕಾರಿ ಪತ್ರಿಕೆಯೊಂದರ ಟೀಕೆಯ ಬೆನ್ನಲ್ಲೇ, ಚೀನಾದ ಟಿವಿ ವಾಹಿನಿಗಳಿಂದ ಯಾನ್‌ಶಿಯ ಮರುಪ್ರಸಾರ ಇಳಿದುಹೋಯಿತು. ಎರಡರ ನಡುವೆ ವ್ಯತ್ಯಾಸವಿದೆ. ಒಂದು ಕಡೆ ಪ್ರೇಕ್ಷಕರು ಎದ್ದರು. ಇನ್ನೊಂದು ಕಡೆ ಪ್ರಭುತ್ವ ಹುಬ್ಬುಗಂಟಿಕ್ಕಿತು. ಪ್ರೇಕ್ಷಕರ ಸಿಟ್ಟೂ ಹಲವು ಸಲ ರಾಷ್ಟ್ರಾಭಿಮಾನದ ಸಿಟ್ಟೇ. ಆದರೂ ಪರದೆಯ ಮೇಲಿನ ಅರಸನನ್ನು ದಾಖಲೆಯ ಅರಸನೊಂದಿಗೆ ಹೋಲಿಸಿ ನೋಡುವ ಸೌಲಭ್ಯ ಅಲ್ಲಿನ ಸಾಮಾನ್ಯನಿಗಿದೆ.

ಡಬ್ಬಿಂಗ್ ಮಾತನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ನಿಂತಾಗ ಅದಕ್ಕೆ ಅರ್ಥವಿತ್ತು. ಬೆಂಗಳೂರಿನಲ್ಲೇ ಕನ್ನಡ ಚಿತ್ರ ನೆಲೆ ಕಾಣದ ದಿನಗಳವು. 2012ರಲ್ಲಿ 'ಸತ್ಯಮೇವ ಜಯತೆ'ಯ ಕನ್ನಡ ರೂಪ ಟಿವಿಗೆ ಬರಲಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆಯನ್ನು ಕಾನೂನುಬಾಹಿರವೆಂದು ದಂಡ ವಿಧಿಸಿತು. 2020ರ ಲಾಕ್‌ಡೌನ್‌ನಲ್ಲಿ ಡಬ್ ಆದ 'ಮಹಾಭಾರತ' ಮನೆಮನೆಗೆ ಬಂತು. ಆ ವೇಳೆಗೆ ಒಂದು ತಲೆಮಾರು ಬೇರೆ ಭಾಷೆಗಳಲ್ಲಿ ಕತೆ ನೋಡುವುದನ್ನು ಕಲಿತಾಗಿತ್ತು. ಜೋಸನ್‌ನ ರಾಣಿ ಇಂದಿಗೂ ಮಂಡ್ಯದ ಮನೆಗಳಲ್ಲಿ ಹೆಚ್ಚಾಗಿ ತೆಲುಗಿನಲ್ಲಿ ಅಳುತ್ತಾಳೆ, ಹಿಂದಿಯಲ್ಲಿ ಆಣೆ ಇಡುತ್ತಾಳೆ. ಅವಳು ನಮ್ಮ ಕನ್ನಡದಲ್ಲಿ ಮಾತಾಡಿದರೆ ನಮ್ಮ ಕತೆ ಬಡವಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಆಸ್ಥಾನದ ಕನ್ನಡ, ಸೇವಕಿಯ ಕನ್ನಡ, ವೈದ್ಯೆಯ ಕನ್ನಡ ಹೇಗಿರಬೇಕು ಎಂದು ಯಾರಾದರೂ ಕೂತು ಯೋಚಿಸಬೇಕಾಗುತ್ತದೆ. ಆ ಕಸರತ್ತು ಮುಂದೆ ಹೊನ್ನಮ್ಮನ ಕತೆ ಬರೆಯುವವರಿಗೆ ಒದಗಿ ಬರುತ್ತದೆ.

ಹಾಗಾಗಿ ಬಸ್ಸಿನಲ್ಲಿ ಕೊರಿಯನ್ ಧಾರಾವಾಹಿ ನೋಡುವ ಹುಡುಗಿಗೆ ಬುದ್ಧಿ ಹೇಳುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಅವಳ ಕೈಯಿಂದ ಮೊಬೈಲು ಕಿತ್ತುಕೊಳ್ಳಬೇಡಿ. ಆಸ್ಥಾನವೊಂದನ್ನು ಹೇಗೆ ನೋಡಬೇಕು, ಸಿಂಹಾಸನದ ಮೇಲಿರುವವನನ್ನು ಬಿಟ್ಟು ಬಾಗಿಲ ಬಳಿ ನಿಂತವಳನ್ನು ಹೇಗೆ ಗಮನಿಸಬೇಕು ಎಂಬುದನ್ನು ಅವಳು ಆಗಲೇ ಕಲಿತಿದ್ದಾಳೆ. ಒಂದು ಭಾನುವಾರ ಅವಳನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿ. ಹೋಗುವ ಮೊದಲು ಖಂಡೇರಾವ್‌ನ ಪಂಜರದ ಕತೆ ಹೇಳಿ ಕಳಿಸಿ. ಉಳಿದ ಪ್ರಶ್ನೆಗಳನ್ನು ಅವಳೇ ಕೇಳುತ್ತಾಳೆ.